ಫೌಜಿ ಖೋಲಿ: ಅವ್ವನ ಪಿಂಚಣಿ ಹಾದು ಬಂದ ಬಾಗಿಲು

ನಮ್ಮ ಶಾಸಕರ ಜನಸಂಪರ್ಕ ಕಚೇರಿಯ ಮೇಲ್ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಬಲಕ್ಕೆ ಒಂದು ಸಣ್ಣ ಕೋಣೆ ಇದೆ. ಬಾಗಿಲ ಮೇಲೆ ‘ಮಾಜಿ ಸೈನಿಕರ ಮತ್ತು ಅವಲಂಬಿತರ ಸಹಾಯ ಕೇಂದ್ರ’ ಎಂದು ಬರೆಸಿದ್ದಾರೆ. ಊರವರು ಕರೆಯುವುದು ‘ಫೌಜಿ ಖೋಲಿ’ ಅಂತ. ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತದೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. 2024ರ ಆಗಸ್ಟಿನಿಂದ ಅವ್ವನನ್ನು ಕರೆದುಕೊಂಡು ಒಂಬತ್ತು ಸಲ ಹೋಗಿ ಬಂದಿದ್ದೇನೆ. ಮನೆಯಲ್ಲಿ ಮಿಲ್ಟ್ರಿ ಕಾಗದ ಇದ್ದು, ಅದನ್ನು ಓದಿ ಹೇಳುವವರು ಇಲ್ಲದಿದ್ದರೆ ನೀವೂ ಹೋಗಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಯಾಕೆ ಕಡಿದೆ ಎನ್ನುವುದನ್ನೂ ಬರೆಯುತ್ತೇನೆ.

ಶಾಸಕರ ಹೆಸರು, ಪಕ್ಷ, ಕ್ಷೇತ್ರ ಯಾವುದನ್ನೂ ಬರೆಯುತ್ತಿಲ್ಲ. ಬರೆದರೆ ಓದುವವರು ಎರಡು ಪಾಳೆಯವಾಗಿ ನಿಲ್ಲುತ್ತಾರೆ, ಮಾತು ಪಿಂಚಣಿ ಬಿಟ್ಟು ಎಲೆಕ್ಷನ್ನಿಗೆ ಹೋಗುತ್ತದೆ. ಬೆಳಗಾವಿ ಜಿಲ್ಲೆ, ಮಲಪ್ರಭೆಯ ದಂಡೆ, ಇಷ್ಟು ಸಾಕು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇದೆ, ಸಂಗೊಳ್ಳಿ ರಾಯಣ್ಣನ ಹೆಸರಿನ ಸೈನಿಕ ಶಾಲೆ ಸಂಗೊಳ್ಳಿಯಲ್ಲೇ ಇದೆ. ನಮ್ಮ ಕಡೆ ಬೆಳಗಿನ ನಾಲ್ಕಕ್ಕೆ ಎದ್ದು ಡಾಂಬರು ರಸ್ತೆಯಲ್ಲಿ ಓಡುವ ಹುಡುಗರಿಲ್ಲದ ಊರೇ ಇಲ್ಲ. ಹೋಗುವಾಗ ಹಲಗಿ ಬಾರಿಸಿ ಕಳಿಸುತ್ತೇವೆ. ತಿರುಗಿ ಬಂದವರ ಕಾಗದ ಎಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂದು ಕೇಳುವವರು ಕಡಿಮೆ.

ಅಪ್ಪ 1972ರಲ್ಲಿ ಭರ್ತಿಯಾಗಿ 1994ರಲ್ಲಿ ನಾಯಕ್ ಹುದ್ದೆಯಿಂದ ನಿವೃತ್ತರಾದರು. 2023ರ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಕರಿ ಟ್ರಂಕು ಇಂದಿಗೂ ನಮ್ಮ ಪಡಸಾಲೆಯಲ್ಲಿದೆ. ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆದದ್ದು ಅರ್ಧ ಅಳಿಸಿದೆ. ಅದರೊಳಗೆ ಸೇವೆಯ ವಿವರವೆಲ್ಲ ಇರುವ ಡಿಸ್ಚಾರ್ಜ್ ಬುಕ್ಕು, ಪಿಪಿಓ ಅನ್ನುವ ಪಿಂಚಣಿ ಪಾವತಿ ಆದೇಶ, ಒಂದು ಚಿಕ್ಕ ಡಬ್ಬಿಯಲ್ಲಿ ಪದಕಗಳು, ಅಡಿಯಲ್ಲಿ ಹಳೆಯ ಪತ್ರಗಳ ಕಟ್ಟು. ಅಪ್ಪ ಇದ್ದಾಗ ಆ ಟ್ರಂಕಿನ ಕೀಲಿ ಅವರ ಉಡದಾರದಲ್ಲೇ ಇರುತ್ತಿತ್ತು. ಏನಿದೆ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವ್ವನಿಗೆ ಕುಟುಂಬ ಪಿಂಚಣಿ ಶುರುವಾಗಬೇಕಿತ್ತು. ಆಗಲಿಲ್ಲ. ಪಿಪಿಓದಲ್ಲಿ ಅವ್ವನ ಹೆಸರು ‘ಬಾಯಿ’ ಅಂತ ಮುಗಿಯುತ್ತದೆ, ಆಧಾರ್ ಕಾರ್ಡಿನಲ್ಲಿ ‘ಅವ್ವ’ ಅಂತ ಮುಗಿಯುತ್ತದೆ. ನಮ್ಮ ಕಡೆ ಹೆಣ್ಣುಮಗಳನ್ನು ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು ಹೆಸರಿನಿಂದ ಕರೆಯುವುದು ರೂಢಿ. ಅವ್ವನಿಗೆ ಅದು ಯಾವತ್ತೂ ತೊಡಕಾಗಿರಲಿಲ್ಲ. ಅಪ್ಪನ ಪಿಂಚಣಿ ಬ್ಯಾಂಕಿನಿಂದ ‘ಸ್ಪರ್ಶ್’ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ವರ್ಗವಾಗಿತ್ತು. ಅಲ್ಲಿ ಹೆಸರಿನ ಕೊನೆಯ ಎರಡಕ್ಷರ ಹೊಂದದಿದ್ದರೂ ಅರ್ಜಿ ಮುಂದೆ ಹೋಗುವುದಿಲ್ಲ.

ಮೊದಲ ಒಂದು ವರ್ಷ ನಾನೊಬ್ಬಳೇ ಓಡಾಡಿದೆ. ಬ್ಯಾಂಕೊಂದಕ್ಕೆ ಏಳು ಸಲ ಹೋದೆ, ಪ್ರತಿ ಸಲವೂ ಬೇರೆ ಮುಖ, ಬೇರೆ ಮಾತು. ಇಂಟರ್‌ನೆಟ್ ಅಂಗಡಿಯೊಂದರಲ್ಲಿ 500 ರೂಪಾಯಿ ತೆಗೆದುಕೊಂಡು ಅವ್ವನ ಹುಟ್ಟಿದ ವರ್ಷವನ್ನೇ ತಪ್ಪು ತುಂಬಿದರು. ಒಬ್ಬ ಏಜೆಂಟ್ ಮನೆಗೇ ಬಂದು, ಕೈಗೆ 15 ಸಾವಿರ ಕೊಟ್ಟರೆ ತಿಂಗಳೊಳಗೆ ಮಾಡಿಸುತ್ತೇನೆ ಅಂದ. ಅವ್ವ ಕಿವಿಯೊಳಗಿನ ಬೆಂಡೋಲೆ ಮುಟ್ಟಿ ನೋಡಿಕೊಂಡಳು. ಅದನ್ನು ನೋಡಿದ ಮೇಲೆ ಆ ಮನುಷ್ಯನನ್ನು ನಾನು ಹೊಸ್ತಿಲು ದಾಟಿಸಿ ಬಂದೆ. ನನ್ನದು ಹೊಲಿಗೆ ಅಂಗಡಿ. ಒಂದು ದಿನ ಬಾಗಿಲು ಹಾಕಿದರೆ ನಾಲ್ಕುನೂರು ರೂಪಾಯಿ ಹೋಯಿತು, ಮದುವೆ ಸೀಸನ್ನಿನಲ್ಲಿ ಇನ್ನೂ ಹೆಚ್ಚು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದೇ ನಮ್ಮನ್ನು ಉಳಿಸಿತು.

2024ರ ಜುಲೈ 26, ಕಾರ್ಗಿಲ್ ವಿಜಯಕ್ಕೆ 25 ವರ್ಷ ತುಂಬಿದ ದಿನ. ತಾಲ್ಲೂಕಿನ ಸಭಾಭವನದಲ್ಲಿ ಮಾಜಿ ಸೈನಿಕರಿಗೂ ಅವರ ಹೆಂಡಂದಿರಿಗೂ ಶಾಸಕರು ಸನ್ಮಾನ ಇಟ್ಟಿದ್ದರು. ಪಂಚಾಯಿತಿಯಿಂದ ಚೀಟಿ ಬಂತು, ಹೋದೆವು. ಅವ್ವನ ಸರದಿ ಬಂತು. ಶಾಲು ಹೊದಿಸಲು ಶಾಸಕರು ಕೈ ಎತ್ತಿದಾಗ ಅವ್ವ ಅಲ್ಲೇ ನಿಂತು, ‘ಶಾಲು ಆಮ್ಯಾಲ ಹೊಚ್ಚ್ರಿ ಸಾಹೇಬ್ರ. ನಮ್ಮ ಯಜಮಾನ್ರು ಸತ್ತ ವರ್ಷಾತು, ನನಗ ಒಂದ್ ಪೈಸಾ ಬಂದಿಲ್ಲ’ ಅಂದಳು. ಮೈಕು ಹತ್ತಿರವೇ ಇತ್ತು, ಇಡೀ ಸಭೆಗೆ ಕೇಳಿಸಿತು. ನನಗೆ ಎದೆ ಧಸಕ್ಕೆಂದಿತು. ಶಾಸಕರು ಸಿಟ್ಟಾಗಲಿಲ್ಲ. ಶಾಲನ್ನು ಕೈಯಲ್ಲೇ ಹಿಡಿದುಕೊಂಡು ಅವ್ವನ ಪೂರ್ತಿ ಮಾತು ಕೇಳಿದರು. ಆಮೇಲೆ ವೇದಿಕೆಯ ಅಂಚಿನಲ್ಲಿ ಕೂತಿದ್ದ ಒಬ್ಬ ಹಿರಿಯರನ್ನು ಕರೆದು, ‘ಸುಬೇದಾರ್ರ, ಇವರದು ನೋಡ್ರಿ’ ಅಂದರು. ಫೌಜಿ ಖೋಲಿ ಇದೆ ಅನ್ನುವುದು ನಮಗೆ ಗೊತ್ತಾದದ್ದೇ ಅವತ್ತು. ಅದಾಗಲೇ ತೆರೆದು ಬಹಳ ದಿನವಾಗಿತ್ತಂತೆ. ಹಳ್ಳಿಗೆ ಆ ಸುದ್ದಿ ಮುಟ್ಟಿರಲಿಲ್ಲ, ಇದೂ ಒಂದು ಕೊರತೆಯೇ.

ಆಗಸ್ಟ್ 10, ಎರಡನೇ ಶನಿವಾರ. ಖೋಲಿಯಲ್ಲಿ ಒಂದು ಟೇಬಲ್ಲು, ಎರಡು ಬೆಂಚು, ಒಂದು ಕಂಪ್ಯೂಟರು, ಮೂಲೆಯಲ್ಲಿ ನೀರಿನ ಹರವಿ. ಟೇಬಲ್ಲಿನ ಹಿಂದೆ ಅದೇ ಸುಬೇದಾರ್ ಸಾಹೇಬರು. ಸೈನ್ಯದಲ್ಲಿ ಅವರು ಕ್ಲರ್ಕ್ ಆಗಿದ್ದವರು, ಇಪ್ಪತ್ತೆಂಟು ವರ್ಷ ಇಂಥ ಕಾಗದಗಳನ್ನೇ ಬರೆದವರು. ಅವರ ಕೈಗೆ ಗೌರವಧನವನ್ನು ಶಾಸಕರು ಸ್ವಂತ ದುಡ್ಡಿನಿಂದ ಕೊಡುತ್ತಾರೆ ಎಂದು ಕೇಳಿದ್ದೇನೆ. ಕಂಪ್ಯೂಟರಿಗೆ ಡಿಗ್ರಿ ಓದುವ ಒಬ್ಬ ಹುಡುಗ.

ಸಾಹೇಬರು ಮೊದಲಿಗೆ ಅರ್ಜಿ ಕೇಳಲಿಲ್ಲ, ಆಧಾರ್ ಕೇಳಲಿಲ್ಲ. ಡಿಸ್ಚಾರ್ಜ್ ಬುಕ್ಕನ್ನು ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು ತೆರೆದರು. ಆಮೇಲೆ ಅವ್ವನ ಕಡೆ ತಿರುಗಿ ಓದಿ ಹೇಳತೊಡಗಿದರು. ಯಾವ ವರ್ಷ ಭರ್ತಿ, ಎಲ್ಲಿ ತರಬೇತಿ, ಯಾವ ಯಾವ ಕೋರ್ಸು, ಯಾವ ಪದಕ ಯಾತಕ್ಕೆ. ‘ಇದು 9 ವರ್ಷದ ಸೇವಾ ಪದಕ ನೋಡ್ರಿ ಅಕ್ಕಾರ, ಇದು 20 ವರ್ಷದ್ದು. ಇದು ವಿದೇಶ ಸೇವಾ ಪದಕ, ಶ್ರೀಲಂಕಾಕ್ಕ ಹೋಗಿದ್ರು.’

ಅವ್ವ ‘ಏನ್ರೀ?’ ಅಂದಳು.

1987ರಿಂದ 1990ರವರೆಗೆ ನಮ್ಮ ಶಾಂತಿ ಪಾಲನಾ ಪಡೆ ಶ್ರೀಲಂಕಾದಲ್ಲಿತ್ತು, ಸಾವಿರಕ್ಕೂ ಹೆಚ್ಚು ಮಂದಿ ಯೋಧರು ಅಲ್ಲಿ ಜೀವ ಬಿಟ್ಟರು. ಆಗ ನಾನು ಇನ್ನೂ ಸಣ್ಣವಳು. ಅಪ್ಪ ಅವ್ವನಿಗೆ ಹೇಳಿದ್ದು ಮದ್ರಾಸಿನ ಹತ್ತಿರ ಇದ್ದೇನೆ ಅಂತ. ಪತ್ರಗಳೆಲ್ಲ ‘56 ಎಪಿಓ’ ವಿಳಾಸದಿಂದಲೇ ಬರುತ್ತಿದ್ದವು. ಅದು ಸೇನೆಯ ಅಂಚೆಯ ನಂಬರು, ಆ ವಿಳಾಸ ನೋಡಿ ಸೈನಿಕ ಎಲ್ಲಿದ್ದಾನೆ ಅಂತ ಯಾರಿಗೂ ತಿಳಿಯಬಾರದು ಅಂತಲೇ ಮಾಡಿದ್ದು. ಅವ್ವ ಮಾತ್ರ ಅದನ್ನು ಒಂದು ಊರು ಅಂದುಕೊಂಡಿದ್ದಳು. ‘ಐವತ್ತಾರು ಎಪಿಓದಾಗ ಛಳಿ ಬಾಳ ಅಂತ’ ಎಂದು ನೆರೆಯವರಿಗೆ ಹೇಳುತ್ತಿದ್ದುದು ನನಗೆ ನೆನಪಿದೆ. ಆವತ್ತು ಸುಬೇದಾರ್ ಸಾಹೇಬರು ಬುಕ್ಕಿನ ಮೇಲೆ ಬೆರಳಿಟ್ಟು ಹದಿನಾಲ್ಕು ತಿಂಗಳು ಅಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಸುಮ್ಮನೆ ಕೂತಳು. ಹಿಂದೆ ಸರದಿಯಲ್ಲಿ ಹನ್ನೊಂದು ಜನರಿದ್ದರು. ಒಬ್ಬರೂ ಅವಸರ ಮಾಡಲಿಲ್ಲ. ಒಬ್ಬ ಅಜ್ಜ ಎದ್ದು ಹೋಗಿ ಹರವಿಯಿಂದ ಅವ್ವನಿಗೆ ನೀರು ತಂದುಕೊಟ್ಟ.

ನಾಲ್ಕು ಅಂಕದಲ್ಲಿ ಎರಡು ಈ ಅರ್ಧ ಗಂಟೆಗೇ ಕೊಟ್ಟಿದ್ದೇನೆ. ವರ್ಷವಿಡೀ ನಾನು ಎಷ್ಟೋ ಕಿಟಕಿಗಳ ಮುಂದೆ ಆ ಬುಕ್ಕನ್ನು ಚಾಚಿದ್ದೆ. ಅದನ್ನು ತೆರೆದು ನೋಡಿದವರು ಇವರೇ ಮೊದಲು.

ಆಮೇಲೆ ಕೆಲಸದ ಮಾತು. ಸಾಹೇಬರು ಒಂದು ಬಿಳಿ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ದಿಲ್ಲಿ’, ಬಲಕ್ಕೆ ‘ಬೆಂಗಳೂರು’ ಅಂತ ಬರೆದರು, ಅಂದರೆ ಎಡಕ್ಕೆ ಕೇಂದ್ರದ ಕೆಲಸ, ಬಲಕ್ಕೆ ರಾಜ್ಯದ್ದು. ಪಿಂಚಣಿ ಮಂಜೂರು ಮಾಡುವುದು ಪ್ರಯಾಗರಾಜದಲ್ಲಿರುವ ರಕ್ಷಣಾ ಲೆಕ್ಕಪತ್ರ ಕಚೇರಿ, ಹೆಸರು ತಿದ್ದುವುದು ಅಪ್ಪನ ರೆಕಾರ್ಡ್ ಆಫೀಸು, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಸೇನೆಯ ಕಚೇರಿ. ಇವೆಲ್ಲ ಎಡಗಡೆಗೆ. ‘ಇಲ್ಲಿ ನಮ್ಮ ಸಾಹೇಬ್ರ ಲೆಟರ್‌ಹೆಡ್ ನಡ್ಯಂಗಿಲ್ಲವ್ವಾ, ಸುಳ್ಳ ಯಾಕ ಹೇಳ್ಲಿ’ ಅಂದರು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ರೇಷನ್ ಕಾರ್ಡು, ಇವು ಬಲಗಡೆಗೆ. ಇವುಗಳಲ್ಲಿ ತಡವಾದರೆ ಶಾಸಕರು ತಹಶೀಲ್ದಾರರಿಗೆ ಫೋನು ಮಾಡಬಹುದು, ಮಾಡಿದರು ಕೂಡ. ಮೂರು ತಿಂಗಳಿಂದ ಬಾಕಿಯಿದ್ದ ನಮ್ಮ ವಂಶವೃಕ್ಷ ಆರು ದಿನದಲ್ಲಿ ಕೈಗೆ ಬಂತು. ತನ್ನಿಂದ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿದ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡೂ ಹೆಸರು ಒಬ್ಬಳದೇ ಅಂತ ಅವ್ವನ ಅಫಿಡವಿಟ್ಟು ಆಯಿತು. ಅದರ ಜೊತೆ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಅಪ್ಪ ಅವ್ವ ಇಬ್ಬರೂ ಇರುವ ಹಳೆಯ ಫೋಟೋ ಸೇರಿಸಿ ಬೆಳಗಾವಿಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮುಖಾಂತರ ರೆಕಾರ್ಡ್ ಆಫೀಸಿಗೆ ಕಳಿಸಿದರು. ಕಳಿಸಿದ ಪ್ರತಿ ಹಾಳೆಯ ಝೆರಾಕ್ಸನ್ನು ಒಂದು ಫೈಲಿಗೆ ಹಾಕಿ, ಮೇಲೆ ತಾರೀಖು ಬರೆದು ನಮ್ಮ ಕೈಗೇ ಕೊಟ್ಟರು. ಎಷ್ಟು ಬರಬಹುದು ಅಂತಲೂ ಲೆಕ್ಕ ಹೇಳಿದರು. ಅಪ್ಪ ತೀರಿಕೊಂಡಾಗ ವಯಸ್ಸು 67 ದಾಟಿತ್ತಾದ್ದರಿಂದ ಅವ್ವನಿಗೆ ಹೆಚ್ಚಿನ ದರ ಸಿಗುವುದಿಲ್ಲ, ಲೆಕ್ಕಕ್ಕೆ ಹಿಡಿಯುವ ವೇತನದ ಶೇ 30 ಸಿಗುತ್ತದೆ, ಅಪ್ಪ ತೀರಿದ ಮರುದಿನದಿಂದ ಬಾಕಿ ಪೂರ್ತಿ ಬರುತ್ತದೆ ಅಂದರು. ಹೇಳಿದ್ದು ಹಾಗೆಯೇ ಆಯಿತು. 2025ರ ಫೆಬ್ರವರಿಯಲ್ಲಿ ಬಾಕಿ ಹಣ ಅವ್ವನ ಖಾತೆಗೆ ಜಮಾ ಆಯಿತು. ಅವ್ವ ಮೊದಲು ತೀರಿಸಿದ್ದು ಅಪ್ಪನ ದಿನಕರ್ಮಕ್ಕೆ ಮಾಡಿದ್ದ ಸಾಲ.

ನಾವು ಕೂತ ಬೆಂಚಿನ ಮೇಲೆ ನಮಗಿಂತ ಕಷ್ಟದವರೂ ಇರುತ್ತಿದ್ದರು. ನೀರು ತಂದುಕೊಟ್ಟ ಆ ಅಜ್ಜನಿಗೆ ಪಿಂಚಣಿಯೇ ಇಲ್ಲ. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಮನೆಯ ತಾಪತ್ರಯಕ್ಕೆ ಕೆಲಸ ಬಿಟ್ಟು ಬಂದವರು. ಇಂಥವರಿಗೆ, 65 ದಾಟಿದ್ದರೆ, ಹವಾಲ್ದಾರ್ ಹುದ್ದೆಯವರೆಗಿನವರಾಗಿದ್ದರೆ, ಕೇಂದ್ರೀಯ ಸೈನಿಕ ಮಂಡಳಿಯಿಂದ ಆಗ ತಿಂಗಳಿಗೆ 4,000 ರೂಪಾಯಿ ನೆರವು ಸಿಗುತ್ತಿತ್ತು, ಅವರ ವಿಧವೆಯರಿಗೂ ಸಿಗುತ್ತದೆ. ಈ ಅಜ್ಜನಿಗೆ ಅದು ಗೊತ್ತಿರಲೇ ಇಲ್ಲ, ಸಾಹೇಬರೇ ಅರ್ಜಿ ತುಂಬಿಸಿದರು. 2025ರ ನವೆಂಬರ್ 1ರಿಂದ ಅರ್ಜಿ ಹಾಕುವವರಿಗೆ ಅದು 8,000 ಆಗಿದೆ. ಮಕ್ಕಳ ಓದಿಗೆ ಕೊಡುತ್ತಿದ್ದ 1,000 ತಿಂಗಳಿಗೆ 2,000 ಆಗಿದೆ, ಮಗಳ ಮದುವೆಯ 50 ಸಾವಿರ ಒಂದು ಲಕ್ಷ ಆಗಿದೆ. ನಿಮ್ಮ ಊರಿನಲ್ಲಿ ‘ನಾನು ಅರ್ಧಕ್ಕೆ ಬಿಟ್ಟು ಬಂದವ, ನನಗೇನೂ ಇಲ್ಲ’ ಅನ್ನುವ ಹಿರಿಯರಿದ್ದರೆ ದಯವಿಟ್ಟು ಇದನ್ನು ಹೇಳಿ.

ಖೋಲಿಯಿಂದ ಇನ್ನೊಂದು ಉಪಕಾರವಿದೆ. ತಿಂಗಳಿಗೊಂದು ಸಲ ಬೆಳಗಾವಿಯ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿಗೆ ಗಾಡಿ ಬಿಡುತ್ತಾರೆ, ಹನ್ನೆರಡು ಜನ ಹಿಡಿಸುತ್ತದೆ. ಆ ಯೋಜನೆ 2003ರಲ್ಲಿ ಶುರುವಾದದ್ದು. 1996ಕ್ಕಿಂತ ಮೊದಲು ನಿವೃತ್ತರಾದವರು ಅದಕ್ಕೆ ವಂತಿಗೆಯನ್ನೂ ಕಟ್ಟಬೇಕಿಲ್ಲ. ಅಂದರೆ ಅಪ್ಪ ದುಡ್ಡಿಲ್ಲದೆ ಸದಸ್ಯರಾಗಬಹುದಿತ್ತು. ಆಗಿರಲಿಲ್ಲ. ಕೊನೆಯ ಎರಡು ವರ್ಷ ಅವರ ಔಷಧಿಗೆ ನಾವು ಕೈಯಿಂದ ಖರ್ಚು ಮಾಡಿದ್ದು, ಬಿಪಿ ಗುಳಿಗೆಯನ್ನು ಅಪ್ಪ ಅರ್ಧ ಮುರಿದು ನುಂಗುತ್ತಿದ್ದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ಅವ್ವನ ಕಾರ್ಡು ಈಗ ಆಗಿದೆ.

ಇನ್ನು ಕಡಿದ ಅಂಕದ ಮಾತು.

ಎರಡನೇ ಶನಿವಾರ ಸರ್ಕಾರಿ ರಜೆ, ಬ್ಯಾಂಕಿಗೂ ರಜೆ. ಖೋಲಿಯಲ್ಲಿ ‘ಈ ಕಾಗದ ತಗೊಂಡು ಬರ್ರಿ’ ಅಂದರೆ ಅವತ್ತೇ ಪಕ್ಕದ ತಾಲ್ಲೂಕು ಕಚೇರಿಗೆ ಹೋಗಿ ತರಲಾಗದು. ಇನ್ನೊಂದು ದಿನ ಬಸ್ಸು ಹತ್ತಬೇಕು, ತಂದ ಕಾಗದವನ್ನು ಮುಂದಿನ ತಿಂಗಳು ತೋರಿಸಬೇಕು. ಒಂದನೇ ಶನಿವಾರ ಮಾಡಿದರೆ ಎಲ್ಲವೂ ತೆರೆದಿರುತ್ತವೆ. ಕೆಲಸಕ್ಕೆ ಹೋಗುವ ಮಕ್ಕಳಿಗೆ ರಜೆಯಿದ್ದರೆ ಅಪ್ಪ ಅವ್ವನನ್ನು ಕರೆದು ತರಲು ಅನುಕೂಲ ಎನ್ನುವುದು ಕಚೇರಿಯವರ ವಿವರಣೆ. ನಾನು ಬೆಂಚಿನ ಮೇಲೆ ಕೂತು ನೋಡಿದ್ದೇನೆ, ಮಕ್ಕಳ ಜೊತೆ ಬಂದವರು ಕಡಿಮೆ, ಒಬ್ಬರೇ ಬಂದವರೇ ಹೆಚ್ಚು.

ಮೆಟ್ಟಿಲು ಹತ್ತೊಂಬತ್ತು. ಅವ್ವ ಮೂರು ಕಡೆ ನಿಂತು ಹತ್ತುತ್ತಾಳೆ. ಒಂದು ಕಾಲು ಕಳೆದುಕೊಂಡ ಹವಾಲ್ದಾರರೊಬ್ಬರನ್ನು ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿ ತಂದದ್ದನ್ನು ನೋಡಿದೆ. ಕೆಳಗಿನ ದೊಡ್ಡ ಕೋಣೆ ಕಾರ್ಯಕರ್ತರು ಕೂತು ಚಹಾ ಕುಡಿಯುವುದಕ್ಕಿದೆ. ತಿಂಗಳಿಗೆ ಒಂದೇ ಒಂದು ದಿನ ಅದನ್ನು ಇವರಿಗೆ ಬಿಟ್ಟುಕೊಡಬಹುದು. ಇದನ್ನು ನಾನು ಕೈಬರಹದಲ್ಲಿ ಬರೆದು ಶಾಸಕರ ಆಪ್ತ ಸಹಾಯಕರ ಕೈಗೆ ಕೊಟ್ಟಿದ್ದೇನೆ, ಇನ್ನೂ ಬದಲಾಗಿಲ್ಲ.

2024ರ ಡಿಸೆಂಬರ್ 14ರಂದು ಹೋದಾಗ ಬೀಗ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು, ಕಚೇರಿಯವರೆಲ್ಲ ಅಲ್ಲಿ. ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸಿರಲಿಲ್ಲ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ಆಚರಿಸುತ್ತಾರೆ, ಶಾಲೆ ಮಕ್ಕಳೂ ಅಂಗಿಗೆ ಪುಟ್ಟ ಧ್ವಜ ಚುಚ್ಚಿಕೊಂಡು ದುಡ್ಡು ಹಾಕುತ್ತಾರೆ. ಆ ತಿಂಗಳೇ ಬಾಗಿಲು ಹಾಕಿದ್ದು ಮನಸ್ಸಿಗೆ ಬಹಳ ಬೇಸರವಾಯಿತು. ಅವತ್ತು ನಾಲ್ಕು ಹೆಂಗಸರು ಮೆಟ್ಟಿಲ ಮೇಲೆ ಕೂತು, ತಂದ ರೊಟ್ಟಿ ಬುತ್ತಿ ಬಿಚ್ಚಿ ಉಂಡು ತಿರುಗಿ ಹೋದೆವು. 2025ರ ಅಧಿವೇಶನಕ್ಕೆ ಮುಂಚಿತವಾಗಿ ಎಲ್ಲರಿಗೂ ಫೋನು ಮಾಡಿ ತಿಳಿಸಿದರು. ಹೇಳಿದರೆ ತಿದ್ದಿಕೊಳ್ಳುತ್ತಾರೆ ಎನ್ನುವುದಕ್ಕೆ ಇದನ್ನೂ ಬರೆಯಬೇಕು.

ಫೋಟೋದ ವಿಷಯ. ಮೊದಮೊದಲು ಒಬ್ಬ ಹುಡುಗ ಮೊಬೈಲು ಹಿಡಿದು, ಅರ್ಜಿ ಕೊಡುವಾಗ ‘ಇತ್ತಕಡೆ ನೋಡ್ರಿ’ ಅನ್ನುತ್ತಿದ್ದ. ವಿಧವೆಯೊಬ್ಬಳು ಗಂಡನ ಸಾವಿನ ಕಾಗದ ಕೊಡುವ ಹೊತ್ತು ಅದು. ನಾನು ಬೇಡ ಅಂದೆ. ಸುಬೇದಾರ್ ಸಾಹೇಬರು ಎದ್ದು ನಿಂತು ಆ ಹುಡುಗನನ್ನು ಹೊರಗೆ ಕಳಿಸಿದರು. ಆಮೇಲೆ ಖೋಲಿಯೊಳಗೆ ಫೋಟೋ ತೆಗೆದದ್ದನ್ನು ನಾನು ಕಂಡಿಲ್ಲ.

ಜಮೀನಿನ ಅರ್ಜಿಗೆ ಈ ಖೋಲಿಯನ್ನು ನಂಬಿ ಹೋಗಬೇಡಿ. 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲು ಇದೆ. ನಾನು ನೋಡಿದ ಒಂಬತ್ತು ಶನಿವಾರಗಳಲ್ಲಿ ಆ ಅರ್ಜಿಗಳನ್ನು ತೆಗೆದುಕೊಂಡು ರ‍್ಯಾಕಿನಲ್ಲಿ ಇಟ್ಟದ್ದಷ್ಟೇ ಕಂಡೆ. ಹಂಚಲು ಸರ್ಕಾರಿ ಜಾಗ ಇಲ್ಲ ಎನ್ನುವ ಉತ್ತರ ಬರುತ್ತದೆ. ಇದು ಸೈನಿಕ ಕಲ್ಯಾಣ ಕಚೇರಿಯ ಕೆಲಸವಲ್ಲ, ದಿಲ್ಲಿಯದೂ ಅಲ್ಲ, ರಾಜ್ಯದ್ದೇ ಕೆಲಸ. ಸುಬೇದಾರ್ ಸಾಹೇಬರ ಹಾಳೆಯಲ್ಲಿ ಬಲಗಡೆಗೆ ಬರುವಂಥದ್ದು. ಶಾಸಕರು ಕೈ ಹಾಕಬೇಕಾದದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಹೋಗುವವರು ಡಿಸ್ಚಾರ್ಜ್ ಬುಕ್ಕು, ಪಿಪಿಓ ಮೂಲಪ್ರತಿ ಒಯ್ಯಿರಿ, ಝೆರಾಕ್ಸ್ ಅಲ್ಲ. ಹೆಂಡತಿಯ ಆಧಾರ್, ಪ್ಯಾನ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲು ಕೈಯಲ್ಲಿರಲಿ, ಓಟಿಪಿ ಅದಕ್ಕೇ ಬರುತ್ತದೆ. ಸ್ಪರ್ಶ್‌ನಿಂದ ಬರುವ ಸಂದೇಶಗಳು ಇಂಗ್ಲಿಷಿನಲ್ಲಿರುತ್ತವೆ, ಅಳಿಸಬೇಡಿ. ಖೋಲಿಯಲ್ಲಿ ಕನ್ನಡದ ಒಂದು ಮಾಹಿತಿ ಹಾಳೆ ಇಟ್ಟರೆ ಅರ್ಧ ಜನರ ಎರಡನೇ ಓಡಾಟ ತಪ್ಪುತ್ತದೆ, ಇದನ್ನೂ ಬರೆದು ಕೊಟ್ಟಿದ್ದೇನೆ. ಮತ್ತೊಂದು ಮಾತು: ಗಂಡ ಬದುಕಿದ್ದಾಗಲೇ ಇಬ್ಬರೂ ಕೂಡಿ ಹೋಗಿ ಹೆಸರು ಸರಿಯಿದೆಯೇ ನೋಡಿಸಿಕೊಳ್ಳಿ. ಅಪ್ಪ ಇದ್ದಾಗ ಒಂದು ದಿನ ಹೋಗಿದ್ದರೆ ಅವ್ವ ಹದಿನೆಂಟು ತಿಂಗಳು ಕಾಯಬೇಕಿರಲಿಲ್ಲ.

2025ರ ನವೆಂಬರ್‌ನಲ್ಲಿ ಅವ್ವನ ಮೊದಲ ಜೀವನ ಪ್ರಮಾಣಪತ್ರ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸಬೇಕು. ಯಂತ್ರದ ಮೇಲೆ ಅವ್ವನ ಹೆಬ್ಬೆರಳು ಎಷ್ಟು ಸಲ ಇಟ್ಟರೂ ಹಿಡಿಯಲಿಲ್ಲ. ಐವತ್ತು ವರ್ಷ ಜೋಳ ಕೊಯ್ದು, ಸಗಣಿ ಬಳಿದು ಬೆರಳಿನ ಗೆರೆಗಳೇ ಸವೆದುಹೋಗಿವೆ. ಕಂಪ್ಯೂಟರಿನ ಹುಡುಗ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ದಾರಿ ಹಿಡಿದ. ‘ಅಜ್ಜಿ, ಒಮ್ಮೆ ಕಣ್ಣು ಮುಚ್ಚಿ ತಗೀರಿ’ ಅಂದ. ಅವ್ವ ತೆಗೆದಳು, ಆಯಿತು.

ಹೊರಡುವಾಗ ಅವ್ವ ಪತ್ರಗಳ ಆ ಕಟ್ಟನ್ನು ಚೀಲದಿಂದ ತೆಗೆದು ಸುಬೇದಾರ್ ಸಾಹೇಬರ ಮುಂದಿಟ್ಟಳು. ಮೇಲಿನ ತಾರೀಖು ನೋಡಿ ಯಾವುದು ಮದ್ರಾಸಿನಿಂದ ಬಂದದ್ದು, ಯಾವುದು ಲಂಕೆಯಿಂದ ಬಂದದ್ದು ಹೇಳಿ ಅಂದಳು. ಅವರು ಅವತ್ತು ಎರಡಕ್ಕೆ ಬಾಗಿಲು ಹಾಕಲಿಲ್ಲ. ಬುಕ್ಕನ್ನು ಒಂದು ಕಡೆ, ಪತ್ರಗಳನ್ನು ಒಂದು ಕಡೆ ಇಟ್ಟುಕೊಂಡು ಮೂರೂವರೆವರೆಗೆ ಕೂತು ಬೇರೆ ಮಾಡಿದರು. ಲಂಕೆಯವು ಇಪ್ಪತ್ತಮೂರು. ಅವ್ವ ಅವುಗಳನ್ನು ಬೇರೆ ದಾರದಿಂದ ಕಟ್ಟಿದ್ದಾಳೆ.